ಮೊದಲಿನ ಮೈ ಕೇಳಿಕೊಂಡು ಬಂದವರು

ವಿಜಯನಗರದ ಒಂದು ಹೆರಿಗೆ ಆಸ್ಪತ್ರೆಯಲ್ಲಿ ನಾನು ಫಿಸಿಯೋಥೆರಪಿಸ್ಟ್ ಆಗಿದ್ದೆ. ಕೆಲಸಕ್ಕೆ ಸೇರಿದ್ದೂ ಅಲ್ಲೇ, ರಿಟೈರ್ ಆದದ್ದೂ ಅಲ್ಲೇ. ಹೆರಿಗೆಯಾದ ಹೆಂಗಸರಿಗೆ ವ್ಯಾಯಾಮ ಹೇಳಿಕೊಟ್ಟು, ಸಡಿಲವಾದ ಮೈ ಮತ್ತೆ ಹದಕ್ಕೆ ಬರುವ ಹಾಗೆ ಮಾಡುವುದು ನನ್ನ ಪಾಲಿನ ಕೆಲಸ. ಈ ಕೆಲಸಕ್ಕೆ ಈಗಷ್ಟೇ ಸೇರಿರುವ ಹುಡುಗಿಯೊಬ್ಬಳು ಮೊನ್ನೆ ಫೋನ್ ಮಾಡಿ, "ಮೇಡಂ, ಕಾಲೇಜಲ್ಲಿ ಹೇಳ್ಕೊಡದೇ ಇರೋದು ಏನಾದ್ರೂ ಇದ್ರೆ ಹೇಳಿ" ಎಂದಳು. ಇದೆ. ಆದರೆ ಫೋನಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ. ಹೆಸರುಗಳನ್ನು ಬದಲಿಸಿದ್ದೇನೆ. ಉಳಿದದ್ದು ನಡೆದ ಹಾಗೇ ಇದೆ.

ನಿಮ್ಮ ಕೋಣೆಗೆ ಬರುವವರೆಲ್ಲ ಮೊದಲು ಕೇಳುವುದು ಒಂದೇ: "ಹೊಟ್ಟೆ ಯಾವಾಗ ಇಳಿಯುತ್ತೆ?" ಬಾಣಂತಿ ಕೇಳುತ್ತಾಳೆ. ಅವಳ ತಾಯಿ ಕೇಳುತ್ತಾಳೆ. ಗಂಡ ಬಾಗಿಲಲ್ಲೇ ನಿಂತು, ತಮಾಷೆ ಮಾಡುವವನ ಹಾಗೆ ಕೇಳುತ್ತಾನೆ. ಒಮ್ಮೆ ಒಬ್ಬ ಮಾವನೇ ಬಂದು, ಮನೆಯಲ್ಲಿ ಮದುವೆ ಇದೆ, ಸೊಸೆ ಫೋಟೋದಲ್ಲಿ ಚೆನ್ನಾಗಿ ಕಾಣಬೇಕು ಎಂದು ಹೇಳಿ ಹೋಗಿದ್ದರು. ಸೊಂಟದ ನೋವು ಯಾವಾಗ ಹೋಗುತ್ತದೆ, ಹೊಲಿಗೆ ಯಾವಾಗ ಮಾಯುತ್ತದೆ ಎಂದು ಕೇಳುವವರು ಕಡಿಮೆ. ಹೊಟ್ಟೆ ನಾಲ್ಕು ಜನರ ಕಣ್ಣಿಗೆ ಬೀಳುತ್ತದೆ. ಉಳಿದದ್ದು ಬೀಳುವುದಿಲ್ಲ.

ನಮ್ಮ ಆಸ್ಪತ್ರೆಯ ಮುಖ್ಯ ವೈದ್ಯರನ್ನು ಎಲ್ಲರೂ ದೊಡ್ಡ ಮೇಡಂ ಎನ್ನುತ್ತಿದ್ದೆವು. ಕೈ ಪಳಗಿದ್ದು, ಬಾಯಿ ಜೋರು. ರೌಂಡ್ಸ್ ಬಂದರೆ ವಾರ್ಡಿನ ಈ ತುದಿಯಿಂದ ಆ ತುದಿಗೆ ಗಾಳಿಯ ಹಾಗೆ ಹಾದುಹೋಗುತ್ತಿದ್ದರು. ನಾನು ಸೇರಿದ ದಿನ ಕರೆದು, "ನೋಡಮ್ಮ, ನೀನು ಅವರ ಕೈಕಾಲು ಆಡಿಸು, ಮಿಕ್ಕಿದ್ದು ನಾನು ನೋಡ್ಕೋತೀನಿ" ಎಂದಿದ್ದರು. ಎರಡನೇ ಮಹಡಿಯಲ್ಲಿ ನನಗೊಂದು ಕೋಣೆ ಕೊಟ್ಟರು. ಎರಡು ಮಂಚ, ಒಂದು ಕನ್ನಡಿ, ನೆಲಕ್ಕೆ ಹಾಸಲು ಚಾಪೆ. ಕನ್ನಡಿಯನ್ನು ನಾನು ಬೇಗನೆ ತೆಗೆಸಿಬಿಟ್ಟೆ. ಹೊಸ ಬಾಣಂತಿಯರು ಅದರ ಮುಂದೆ ನಿಂತರೆ ಅಳುತ್ತಿದ್ದರು.

ಆ ಕಾಲದಲ್ಲಿ ದೊಡ್ಡ ಮೇಡಂ ಒಂದು ಹಾಳೆ ಅಚ್ಚು ಹಾಕಿಸಿದ್ದರು. ಅದರಲ್ಲಿ ಆರೇಳು ವ್ಯಾಯಾಮದ ಚಿತ್ರಗಳಿದ್ದವು. ಮನೆಗೆ ಹೋಗುವ ಪ್ರತಿ ಬಾಣಂತಿಯ ಕೈಗೂ ಅದನ್ನು ಕೊಡುತ್ತಿದ್ದರು. ಬೆನ್ನ ಮೇಲೆ ಮಲಗಿ, ಕೈ ತಲೆಯ ಹಿಂದೆ ಇಟ್ಟು, ಹೊಟ್ಟೆಯ ಬಲದಿಂದ ಮೇಲೇಳುವುದು ಅವುಗಳಲ್ಲಿ ಮುಖ್ಯವಾದದ್ದು. ನಮಗೂ ಕಾಲೇಜಿನಲ್ಲಿ ಅದನ್ನೇ ಕಲಿಸಿದ್ದರು. ಕಾಮಾಕ್ಷಿಪಾಳ್ಯದ ಒಬ್ಬ ಗಾರ್ಮೆಂಟ್ಸ್ ಹುಡುಗಿ ಆ ಹಾಳೆಯನ್ನು ಗೋಡೆಗೆ ಅಂಟಿಸಿಕೊಂಡು, ನಿಷ್ಠೆಯಿಂದ ಒಂದೂ ಬಿಡದೆ ಮಾಡಿದ್ದಳು. ತಿರುಗಿ ಬಂದಾಗ ಅವಳು ಕೆಮ್ಮಿದರೆ ಹೊಕ್ಕುಳ ಪಕ್ಕ ನಿಂಬೆಹಣ್ಣಿನಷ್ಟು ಉಬ್ಬು ಹೊರಗೆ ಬರುತ್ತಿತ್ತು. ಬಸುರಿನಲ್ಲಿ ಹೊಟ್ಟೆಯ ನಡುವಿನ ಸ್ನಾಯುಗಳು ಎರಡು ಪಾಲಾಗಿ ದೂರ ಸರಿಯುತ್ತವೆ. ಕೆಲವರಿಗೆ ಹೆರಿಗೆಯಾದ ಮೇಲೂ ಅವು ಕೂಡಿಕೊಳ್ಳುವುದಿಲ್ಲ. ಅಂಥವರು ಹೀಗೆ ಮೇಲೆದ್ದರೆ ಆ ಸಂದು ಇನ್ನಷ್ಟು ಬಿರಿದು, ಕರುಳು ಹೊರಗೆ ತಳ್ಳಿಕೊಂಡು ಬರುತ್ತದೆ. ಅವಳಿಗೆ ಆಪರೇಷನ್ ಆಯಿತು. ಅವತ್ತು ದೊಡ್ಡ ಮೇಡಂ ಕೌಂಟರಿನಲ್ಲಿದ್ದ ಆ ಹಾಳೆಗಳ ಕಟ್ಟನ್ನು ತಾವೇ ಎತ್ತಿಕೊಂಡು ಹೋದರು. ತಪ್ಪಾಯಿತು ಎಂದು ಅವರ ಬಾಯಲ್ಲಿ ನಾನು ಕೇಳಿಲ್ಲ. ಆದರೆ ಆ ಹಾಳೆ ಮತ್ತೆಂದೂ ಕಾಣಲಿಲ್ಲ. "ಮೊದಲು ಹೊಟ್ಟೆ ಮುಟ್ಟಿ ನೋಡು, ಆಮೇಲೆ ಏನು ಹೇಳ್ಕೊಡಬೇಕು ಅಂತ ನೀನೇ ತೀರ್ಮಾನ ಮಾಡು" ಎಂದು ನನಗೆ ಹೇಳಿದರು. ಆ ಮಾತಿನಿಂದ ನನ್ನ ಕೆಲಸ ಶುರುವಾಯಿತು ಎಂದೇ ನಾನು ಲೆಕ್ಕ ಹಾಕುತ್ತೇನೆ.

ಇನ್ನೊಂದು ಸಂಗತಿ. ಹೆಂಗಸರು ನಿಜವಾದ ತೊಂದರೆಯನ್ನು ಕೂತಾಗ ಹೇಳುವುದಿಲ್ಲ, ಎದ್ದು ಹೋಗುವಾಗ ಹೇಳುತ್ತಾರೆ. ರಾಜಾಜಿನಗರದಿಂದ ಒಬ್ಬ ಬ್ಯಾಂಕ್ ಉದ್ಯೋಗಿ ಬರುತ್ತಿದ್ದರು. ತೂಕದ ಬಗ್ಗೆಯೇ ಮಾತಾಡುತ್ತಿದ್ದರು. ಒಂದು ದಿನ ಬಾಗಿಲು ಅರ್ಧ ತೆಗೆದು, ನನ್ನ ಕಡೆ ನೋಡದೆ, "ಮೇಡಂ, ನಾನು ನಗೋದು ಬಿಟ್ಟುಬಿಟ್ಟಿದೀನಿ" ಎಂದರು. ಜೋರಾಗಿ ನಕ್ಕರೆ, ಸೀನಿದರೆ ಮೂತ್ರ ಜಾರುತ್ತಿತ್ತು. ಅದು ಬರೀ ಈ ಹೆರಿಗೆಯಿಂದಲ್ಲ, ಮೊದಲ ಮಗುವಿನಿಂದಲೂ ಇತ್ತು. ಆ ಮಗು ಆಗ ಹೈಸ್ಕೂಲಿನಲ್ಲಿತ್ತು. ಅಷ್ಟು ವರ್ಷ ಆಫೀಸಿನಲ್ಲಿ, ಮದುವೆ ಮನೆಗಳಲ್ಲಿ, ಸ್ವಂತ ಮಕ್ಕಳ ಜೊತೆ ಆಕೆ ನಗದೆ ಇದ್ದರು. ಜನ ಅವರನ್ನು ಬಿಗಿ ಸ್ವಭಾವದವರು ಎನ್ನುತ್ತಿದ್ದರಂತೆ. ಕೆಳಗಿನ ಸ್ನಾಯುಗಳನ್ನು ಬಿಗಿ ಮಾಡುವ ವ್ಯಾಯಾಮದಿಂದ ಅವರಿಗೆ ತಕ್ಕಮಟ್ಟಿಗೆ ಗುಣವಾಯಿತು. ಪೂರ್ತಿ ಆಗಲಿಲ್ಲ, ತಡವಾಗಿತ್ತು.

ಮೊಬೈಲ್ ಬಂದ ಮೇಲೆ ಎಲ್ಲವೂ ಬದಲಾಯಿತು. ಹೆತ್ತು ಕೆಲವೇ ವಾರಕ್ಕೆ ಹಳೇ ಪ್ಯಾಂಟಿನೊಳಗೆ ಹೊಕ್ಕ ಯಾರದೋ ವಿಡಿಯೋ ಹಿಡಿದುಕೊಂಡು ಬಂದು, "ಇವರ ಹಾಗೆ ಆಗ್ಬೇಕು" ಎನ್ನುವವರು ಹೆಚ್ಚಾದರು. ಮಗುವಿಗೆ ಹಾಲು ಕುಡಿಸುತ್ತಲೇ ಊಟ ಬಿಟ್ಟವರನ್ನು ನೋಡಿದೆ. ಹೊಲಿಗೆ ಹಸಿ ಇರುವಾಗಲೇ ಜಿಮ್ಮಿಗೆ ಹೋಗಿ ಭಾರ ಎತ್ತಿದವರನ್ನೂ ನೋಡಿದೆ. ಹಿಂದೆ ಅಜ್ಜಿಯರು ಹಳೇ ಸೀರೆ ಹರಿದು ಹೊಟ್ಟೆಗೆ ಬಿಗಿದು ಕಟ್ಟಿ, ಉಸಿರು ಬಿಡಲಿಕ್ಕೂ ಆಗದ ಹಾಗೆ ಮಾಡುತ್ತಿದ್ದರು. ಈಗ ಅದೇ ಬಿಗಿ ಬೆಲ್ಟಿನಲ್ಲಿ ಬಂತು. ಇವುಗಳ ಬಗ್ಗೆ ಬರೆಯುತ್ತ ಹೋದರೆ ಪುಸ್ತಕವೇ ಆದೀತು. ನಾನು ಹೇಳಬೇಕೆಂದುಕೊಂಡದ್ದು ಅಶ್ವಿನಿಯ ವಿಷಯ.

ಅಶ್ವಿನಿ ಅನ್ನಪೂರ್ಣೇಶ್ವರಿ ನಗರದ ಒಂದು ಖಾಸಗಿ ಶಾಲೆಯಲ್ಲಿ ಪಿ.ಟಿ. ಟೀಚರ್. ಕಾಲೇಜಿನಲ್ಲಿದ್ದಾಗ ಖೋ ಖೋ ಆಡಿ ಹೆಸರು ಮಾಡಿದ್ದವಳು. ಎತ್ತರದ ಮೈ, ನೇರ ಬೆನ್ನು, ಯಾವಾಗಲೂ ಯಾವುದೋ ಗೆರೆ ದಾಟಲು ಕಾದು ನಿಂತವಳ ಹಾಗೆ ಕಾಣುತ್ತಿದ್ದಳು. ಅವಳ ತಾಯಿ ಬ್ಯಾಡರಹಳ್ಳಿಯಲ್ಲಿ ಒಬ್ಬರೇ ಇದ್ದರು. ಗಂಡ ಶಿವಕುಮಾರ್‌ಗೆ ಚಂದ್ರಾ ಲೇಔಟಿನಲ್ಲಿ ಹಾರ್ಡ್‌ವೇರ್ ಅಂಗಡಿ. ಮನೆಯಲ್ಲಿ ಗಂಡ, ಹೆಂಡತಿ, ಅತ್ತೆ ಗೌರಮ್ಮ. ಗೌರಮ್ಮ ದಾವಣಗೆರೆ ಕಡೆಯವರು. ಹಣೆಯಲ್ಲಿ ವಿಭೂತಿ, ಮಾತು ಗಟ್ಟಿ, ಕೈ ಧಾರಾಳ. ಅವರು ಬಂದರೆ ನಮ್ಮ ಆಯಾಗಳಿಗೆಲ್ಲ ರೊಟ್ಟಿ ಚಟ್ನಿಪುಡಿ ಸಿಗುತ್ತಿತ್ತು.

ಅಶ್ವಿನಿಗೆ ಹೆಣ್ಣು ಮಗುವಾಯಿತು. ಎರಡು ತಿಂಗಳ ಬಾಣಂತನ ಮುಗಿಸಿ ನನ್ನ ಕೋಣೆಗೆ ಬಂದವಳು ಕೂರುವ ಮೊದಲೇ ಹೇಳಿದಳು: "ಮೇಡಂ, ನಂಗೆ ಈ ಉಸಿರು ತಗೊಳ್ಳೋದು ಬಿಡೋದು ಎಲ್ಲಾ ಬೇಡ. ಜೋರಾಗಿರೋದು ಹೇಳ್ಕೊಡಿ. ಸ್ಟ್ಯಾಮಿನಾ ಪೂರ್ತಿ ಹೋಗ್ಬಿಟ್ಟಿದೆ. ಶಾಲೆ ಶುರುವಾಗೋ ಅಷ್ಟರಲ್ಲಿ ಮಕ್ಕಳ ಜೊತೆ ಓಡೋ ಹಾಗೆ ಆಗ್ಬೇಕು."

"ಈಗ ಏನು ಮಾಡ್ತಿದೀಯ?"

"ಬೆಳಗ್ಗೆ ಪಾರ್ಕಲ್ಲಿ ಓಡ್ತಿದೀನಿ. ಆದ್ರೆ ಒಂದು ರೌಂಡಿಗೇ ಎದೆ ಹಿಡ್ಕೊಳ್ಳುತ್ತೆ. ಮೈ ಬಂದಿದೆಯಲ್ಲ, ಅದಕ್ಕೆ. ಇವರೂ ಅದನ್ನೇ ಹೇಳಿದ್ರು, ಇನ್ನೆರಡು ರೌಂಡ್ ಜಾಸ್ತಿ ಓಡು, ತಾನಾಗೇ ಸರಿ ಹೋಗುತ್ತೆ ಅಂತ."

ಹೊಟ್ಟೆ ಮುಟ್ಟಿ ನೋಡಲು ಅಂಗಾತ ಮಲಗು ಎಂದೆ. ಮಲಗಿದವಳು ತಕ್ಷಣ ಎದ್ದು ಕೂತಳು. ಮಲಗಿದರೆ ಉಸಿರು ಕಟ್ಟುತ್ತದೆ, ಮನೆಯಲ್ಲೂ ದಿಂಬು ಒರಗಿಕೊಂಡೇ ಮಲಗುತ್ತೇನೆ ಎಂದಳು. ಪಾದ ಊದಿತ್ತು. ಬೆರಳಿಂದ ಒತ್ತಿದರೆ ಗುಳಿ ಬೀಳುತ್ತಿತ್ತು. ಏನೆಂದು ನನಗೆ ಗೊತ್ತಾಗಲಿಲ್ಲ. ಆದರೆ ಇದು ತೂಕದ ಆಯಾಸವಲ್ಲ ಎನಿಸಿತು. ಅವಳನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ದೊಡ್ಡ ಮೇಡಂ ಹತ್ತಿರ ಕರೆದುಕೊಂಡು ಹೋದೆ. "ನಡ್ಕೊಂಡೇ ಬರ್ತೀನಿ, ಇದೇನು ಮೇಡಂ" ಎಂದು ದಾರಿಯುದ್ದಕ್ಕೂ ನಾಚಿಕೊಂಡಳು.

ದೊಡ್ಡ ಮೇಡಂ ಎದೆಗೆ ಸ್ಟೆತಸ್ಕೋಪ್ ಇಟ್ಟರು. ಬೆನ್ನಿಗೆ ಇಟ್ಟರು. ಸದಾ ಮಾತಾಡುವ ಆ ಹೆಂಗಸು ಸುಮ್ಮನಾದದ್ದು ನೋಡಿ ನನಗೆ ಹೆದರಿಕೆಯಾಯಿತು. ಅವತ್ತೇ ಹೃದಯದ ಎಕೋ ಸ್ಕ್ಯಾನ್ ಮಾಡಿಸಿದರು. ಹೆರಿಗೆಯ ಆಸುಪಾಸಿನಲ್ಲಿ ಅಪರೂಪಕ್ಕೆ ಕೆಲವು ಹೆಂಗಸರಿಗೆ ಹೃದಯದ ಸ್ನಾಯು ಸೋತು ಹಿಗ್ಗಿಬಿಡುತ್ತದೆ. ರಕ್ತ ತಳ್ಳುವ ಬಲ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಎದೆಯಲ್ಲಿ ನೀರು ತುಂಬುತ್ತದೆ. ಅಶ್ವಿನಿಗೆ ಅದೇ ಆಗಿತ್ತು. ಆ ಹೃದಯ ಇಟ್ಟುಕೊಂಡು ಅವಳು ಪಾರ್ಕಿನಲ್ಲಿ ಓಡಿದ್ದಳು.

ಅವಳು ಆಸ್ಪತ್ರೆಯಲ್ಲಿದ್ದಳು, ಮದ್ದು ಹಿಡಿಯಿತು, ಬದುಕಿದಳು. ಬಿಡುಗಡೆಯ ದಿನ ದೊಡ್ಡ ಮೇಡಂ ಶಿವಕುಮಾರ್‌ಗೆ ಹೇಳಬೇಕಾದ್ದನ್ನು ಹೇಳಿದರು. ಮಾತ್ರೆ ಬಿಡಬಾರದು, ಇನ್ನೊಂದು ಬಸುರು ಆಗಲೇಬಾರದು, ಹಾಗೇನಾದರೂ ಆದರೆ ಈ ಹೃದಯ ತಡೆಯುವುದಿಲ್ಲ, ಅವಳಿಗೆ ಕಾಪರ್ ಟಿ ಹಾಕಿಸಿ ಇಲ್ಲವೇ ನೀವೇ ಆಪರೇಷನ್ ಮಾಡಿಸಿಕೊಳ್ಳಿ. ಇಷ್ಟನ್ನೂ ಅವರು ಇಂಗ್ಲಿಷಿನಲ್ಲಿ, ಲಿಫ್ಟಿನ ಮುಂದೆ ನಿಂತು, ಮುಂದಿನ ಹೆರಿಗೆಗೆ ಓಡುವ ಅವಸರದಲ್ಲಿ ಹೇಳಿದರು. ಅವನು ಪ್ರತಿ ಮಾತಿಗೂ "ಓಕೆ ಮೇಡಂ" ಎಂದ. ಲಿಫ್ಟ್ ಬಂತು, ಮೇಡಂ ಹೋದರು. ನಾನು ಪಕ್ಕದಲ್ಲಿ ನಿಂತಿದ್ದೆ. ಕಾಪರ್ ಟಿ ಬಗ್ಗೆ ಕನ್ನಡದಲ್ಲಿ ಮತ್ತೆ ಹೇಳಿದಾಗ, "ನಮ್ಮಮ್ಮ ಅದೆಲ್ಲ ಬೇಡ ಅಂತಾರೆ ಮೇಡಂ, ಬ್ಲೀಡಿಂಗ್ ಆಗುತ್ತಂತೆ. ನಾನು ನೋಡ್ಕೋತೀನಿ ಬಿಡಿ" ಎಂದ.

ಆಮೇಲಿನ ಒಂದೂವರೆ ವರ್ಷ ನನ್ನ ವೃತ್ತಿಯ ಅತಿ ನಿಧಾನದ ಕೆಲಸ. ಹೊರಗಿನಿಂದ ಬಂದು ನೋಡುತ್ತಿದ್ದ ಹೃದಯದ ಡಾಕ್ಟರು ಎಷ್ಟು ಹೇಳುತ್ತಾರೋ ಅಷ್ಟೇ. ಮೊದಲು ಕೋಣೆಯೊಳಗೆ ನಡಿಗೆ. ಆಮೇಲೆ ಕಾರಿಡಾರ್. ನಾಡಿ ಹಿಡಿದುಕೊಂಡೇ ಅವಳ ಪಕ್ಕ ನಡೆಯುತ್ತಿದ್ದೆ. ಅಶ್ವಿನಿಗೆ ಅದು ಶಿಕ್ಷೆ. "ನನ್ನ ಸ್ಟೂಡೆಂಟ್ಸ್ ನೋಡಿದ್ರೆ ನಗ್ತಾರೆ ಮೇಡಂ" ಎನ್ನುತ್ತಿದ್ದಳು. ಆದರೆ ಆಟಗಾರ್ತಿಯಲ್ಲವೇ, ಹೇಳಿದ್ದನ್ನು ಹೇಳಿದಷ್ಟೇ ಮಾಡುವ ಶಿಸ್ತು ಇತ್ತು. ಊತ ಇಳಿಯಿತು. ಬಸುರಿನಲ್ಲಿ ಬಂದ ಮೈ ಕರಗಿತು. ಕೆನ್ನೆಗೆ ಬಣ್ಣ ಬಂತು. ಹೊಟ್ಟೆ ಒಳಗೆ ಹೋಯಿತು. ಶಾಲೆಗೆ ಹೋಗಲು ಶುರು ಮಾಡಿದಳು. ತಾನು ಓಡದೆ, ಮಕ್ಕಳನ್ನು ಓಡಿಸುತ್ತಿದ್ದಳು. ಎಕೋದಲ್ಲಿ ಹೃದಯದ ಬಲ ಬಹುಮಟ್ಟಿಗೆ ಏರಿತ್ತು, ಪೂರ್ತಿ ಅಲ್ಲ. "ಬಹುಮಟ್ಟಿಗೆ" ಎಂಬ ಆ ಮಾತು ಅವರ ಮನೆಯಲ್ಲಿ ಯಾರ ಕಿವಿಗೂ ಬೀಳಲಿಲ್ಲ.

ಒಂದು ದಿನ ಗೌರಮ್ಮ ಅವಳ ಜೊತೆ ಬಂದರು. ಕೈಯಲ್ಲಿ ಹೋಳಿಗೆಯ ಡಬ್ಬಿ. "ನೋಡ್ರಿ ಮೇಡಮ್ಮಾರೆ, ಹೆಂಗಾಗ್ಯಾಳೆ ನಮ್ಮ ಹುಡುಗಿ! ಮದುವ್ಯಾಗ ಹೆಂಗಿದ್ಲೋ ಹಂಗೇ ಆಗ್ಯಾಳೆ. ಓಣ್ಯಾಗ ಎಲ್ಲಾರೂ ಕೇಳ್ತಾರೆ, ಯಾವ ಜಿಮ್ಮಿಗೆ ಕಳಿಸ್ತೀರಿ ಅಂತ. ನಿಮ್ಮ ಕೈಗುಣ ಚೊಲೋ ಐತಿ."

ನಾನು ಹೋಳಿಗೆ ತಿಂದೆ. ಹೃದಯ ಇನ್ನೂ ಪೂರ್ತಿ ಗಟ್ಟಿಯಾಗಿಲ್ಲ ಎಂದು ಹೇಳಿದೆ.

"ಅಯ್ಯ, ಇಷ್ಟು ಚೊಲೋ ಅದಾಳ. ಹಾರ್ಟ್ ಕೆಟ್ಟೋರು ಹಿಂಗಿರ್ತಾರೇನ್ರಿ?" ಎಂದು ನಕ್ಕರು.

ನಾವು ಮಾಡಿದ ಕೆಲಸವೇ ಅವಳ ಕಾಯಿಲೆಯನ್ನು ಮುಚ್ಚಿಹಾಕಿತ್ತು. ಅವಳ ಮೈ ಸುಂದರವಾದಷ್ಟೂ ಆ ಮನೆಯಲ್ಲಿ ಅವಳ ಹೃದಯದ ಮಾತಿಗೆ ಬೆಲೆ ಇಳಿಯುತ್ತ ಹೋಯಿತು.

ಮಗುವಿಗೆ ಎರಡು ತುಂಬಿದ ಮೇಲೆ ಅಶ್ವಿನಿ ಕೆಲವು ತಿಂಗಳು ಬರಲಿಲ್ಲ. ಒಂದು ಮಧ್ಯಾಹ್ನ ಬಂದಳು. ಯಾವಾಗಲೂ ಹಾಕುವ ಟ್ರ್ಯಾಕ್ ಪ್ಯಾಂಟ್ ಬಿಟ್ಟು ಸಡಿಲ ಚೂಡಿದಾರ ಹಾಕಿದ್ದಳು. ಕೂತು, ದುಪಟ್ಟಾ ಸರಿ ಮಾಡಿಕೊಂಡಳು.

"ಬೈಬೇಡಿ ಮೇಡಂ" ಎಂದಳು.

ನನಗೆ ಗೊತ್ತಾಯಿತು. "ಎಷ್ಟಾಯ್ತು?"

"ಮೂರು ತಿಂಗಳು ತುಂಬ್ತಾ ಬಂತು."

"ಅವನು ನೋಡ್ಕೋತೀನಿ ಅಂದಿದ್ದನಲ್ಲೇ!"

"ನಂಗೂ ಆಸೆ ಇದೆ ಮೇಡಂ. ಬರೀ ಅವರದ್ದೇ ಅಂತ ಹೇಳಲ್ಲ. ನಾನು ಈಗ ಆರಾಮಾಗಿದೀನಲ್ಲ" ಎಂದಳು.

ದೊಡ್ಡ ಮೇಡಂಗೆ ಹೇಳಿದೆ. ಅವರು ಕೂಗಾಡಿದರು. "ನಾನು ಅವತ್ತೇ ಹೇಳಿದ್ದೆನಲ್ಲ ಆ ಮನುಷ್ಯನಿಗೆ!"

"ಹೇಳಿದ್ರಿ ಮೇಡಂ. ಲಿಫ್ಟ್ ಬರೋವರೆಗೆ ಹೇಳಿದ್ರಿ."

ಇಷ್ಟು ವರ್ಷದಲ್ಲಿ ನಾನು ಅವರಿಗೆ ಎದುರಾಡಿದ್ದು ಅದೊಂದೇ ಸಲ. ಅವರು ನನ್ನನ್ನು ದುರುಗುಟ್ಟಿ ನೋಡಿದರು. ಆಮೇಲೆ, "ಎಲ್ಲರನ್ನೂ ಕರೆಸು. ಕುರ್ಚಿ ಹಾಕಿಸು" ಎಂದರು.

ಹೃದಯದ ಡಾಕ್ಟರು ಆಗಲೇ ಹೊಸ ಎಕೋ ನೋಡಿ, ಗರ್ಭ ಮುಂದುವರಿಸುವುದು ಬೇಡ ಎಂದು ಬರೆದಿದ್ದರು. ದೊಡ್ಡ ಮೇಡಂ ಈ ಸಲ ಕೂತು, ಕನ್ನಡದಲ್ಲಿ, ಒಂದೊಂದೇ ಮಾತು ಬಿಡಿಸಿ ಹೇಳಿದರು. ಬಸುರು ಬೆಳೆದ ಹಾಗೆ ಹೃದಯಕ್ಕೆ ಕೆಲಸ ಹೆಚ್ಚುತ್ತದೆ. ಹೆರಿಗೆಯ ಹೊತ್ತಿಗೆ, ಇಲ್ಲವೇ ಅದಾದ ಮೇಲೆ ನಿಂತುಹೋಗಬಹುದು. ಆಗದೆಯೂ ಇರಬಹುದು. ಆದರೆ ಆಗದು ಎಂದು ಯಾರೂ ಹೇಳಲಾರರು. ಶಿವಕುಮಾರ್ ತಲೆ ತಗ್ಗಿಸಿ ಮೊಬೈಲ್ ಹಿಡಿದುಕೊಂಡಿದ್ದ. ಮಾತಾಡಿದವರು ಗೌರಮ್ಮ.

"ಡಾಕ್ಟ್ರಮ್ಮಾರೆ, ನನಗ ಮೊದಲಿನ ಎರಡು ಕೂಸು ಹೋದವು. ರಕ್ತ ಇಲ್ಲ, ಇನ್ನೊಂದು ಹಡೆದ್ರೆ ನೀ ಉಳಿಯಂಗಿಲ್ಲ ಅಂದ್ರು ಅವತ್ತಿನ ಡಾಕ್ಟ್ರು. ನಾನು ಕೇಳಲಿಲ್ಲ. ಹಡೆದೆ." ಮಗನ ಹೆಗಲ ಮೇಲೆ ಕೈ ಇಟ್ಟರು. "ಅವ್ರ ಮಾತು ಕೇಳಿದ್ರೆ ಇವನೆಲ್ಲಿ ಇರ್ತಿದ್ದ? ನೀವ ಹೇಳ್ರಿ."

ಆಕೆಯನ್ನು ಕೆಟ್ಟವಳು ಎಂದು ಹೇಳಿ ಮುಗಿಸಿಬಿಡಬಹುದಿತ್ತು. ಆದರೆ ಸಾವನ್ನು ಎದುರಿಸಿ ಆಕೆ ಪಡೆದ ಮಗನೇ ಪಕ್ಕದಲ್ಲಿ ಕೂತಿದ್ದ. ಆಕೆಗೆ ಅದಕ್ಕಿಂತ ದೊಡ್ಡ ಸಾಕ್ಷಿ ಯಾವುದೂ ಇರಲಿಲ್ಲ.

"ನೀವು ಬದುಕಿದ್ರಿ, ಸಂತೋಷ" ಎಂದರು ದೊಡ್ಡ ಮೇಡಂ. "ಬದುಕದೇ ಇದ್ದವರು ಇಲ್ಲಿ ಬಂದು ಕೂತು ಹೇಳಕ್ಕಾಗಲ್ಲ ಗೌರಮ್ಮ. ಅಂಥವರನ್ನ ನಾನು ನೋಡಿದೀನಿ."

ಶಿವಕುಮಾರ್ ಎದ್ದ. "ಯೋಚನೆ ಮಾಡಿ ಹೇಳ್ತೀವಿ ಮೇಡಂ" ಎಂದ.

ಯೋಚನೆ ಮುಗಿಯಲಿಲ್ಲ. ಬೇರೆ ಯಾರೋ ಡಾಕ್ಟರ ಹತ್ತಿರ ಹೋದರಂತೆ. ಅವರು ಅಶ್ವಿನಿಯನ್ನು ನೋಡಿ, ಫಿಟ್ ಆಗಿದ್ದಾರಲ್ಲ, ಹುಷಾರಾಗಿ ನೋಡಿಕೊಂಡರೆ ಆಗಬಹುದು ಎಂದರಂತೆ. ಎಕೋ ರಿಪೋರ್ಟ್ ತೋರಿಸಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಫೋನ್ ಮಾಡಿದರೆ ಶಿವಕುಮಾರ್ ಎತ್ತುತ್ತಿರಲಿಲ್ಲ. ಅಶ್ವಿನಿ ಎತ್ತಿ, "ಆಮೇಲೆ ಮಾಡ್ತೀನಿ ಮೇಡಂ" ಎನ್ನುತ್ತಿದ್ದಳು. ಹಿಂದೆ ಅತ್ತೆಯ ಮಾತು ಕೇಳಿಸುತ್ತಿತ್ತು. ತುಪ್ಪ ತಿನ್ನು, ಬಾದಾಮಿ ತಿನ್ನು ಎನ್ನುವ ಮಾತು. ಅದರಲ್ಲಿ ಪ್ರೀತಿಯೇ ಇತ್ತು.

ನಾಲ್ಕನೇ ತಿಂಗಳಲ್ಲಿ ಅವಳು ಒಬ್ಬಳೇ ಬಂದಳು. ಅವತ್ತು ಲಿಫ್ಟ್ ಕೆಟ್ಟಿತ್ತು. ಆಯಾ ಓಡಿಬಂದು, ನಿಮ್ಮ ಪೇಷಂಟ್ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದಾರೆ ಎಂದಳು. ಹೋಗಿ ನೋಡಿದರೆ ಮೊದಲ ಮಹಡಿಯ ತಿರುವಿನಲ್ಲಿ, ಗೋಡೆಗೆ ಒರಗಿ, ಎರಡೂ ಕೈ ಮಂಡಿಯ ಮೇಲಿಟ್ಟುಕೊಂಡು ಕೂತಿದ್ದಳು. ನಾನು ಪಕ್ಕದಲ್ಲಿ ಕೂತೆ. ಮೇಲೆ ಕೆಳಗೆ ಓಡಾಡುವವರು ನಮ್ಮನ್ನು ಬಳಸಿಕೊಂಡು ಹೋಗುತ್ತಿದ್ದರು.

ಉಸಿರು ಸಮವಾದ ಮೇಲೆ ಹೇಳಿದಳು: "ಮೇಡಂ, ನಂಗೆ ಓಡಿ ಆಗೋ ಸುಸ್ತು ಗೊತ್ತು. ಉಪವಾಸದ ಸುಸ್ತು ಗೊತ್ತು. ಹೆರಿಗೆ ಸುಸ್ತೂ ಗೊತ್ತು. ಇದು ಅದಲ್ಲ. ಇದು ಹಿಂದಿನ ಸಲದ್ದೇ."

"ಹೌದು."

"ಮನೇಲಿ ಹೇಳ್ದೆ. ಬಸುರಲ್ಲಿ ಎಲ್ಲರಿಗೂ ಹಂಗೇ ಅಂದ್ರು."

ನಾನು ಅವಳ ಕೈ ಹಿಡಿದುಕೊಂಡೆ. ನಾಡಿ ಓಡುತ್ತಿತ್ತು.

"ತೆಗೆಸ್ಬೇಕು ಅಂದ್ರೆ ಇವರು ಸಹಿ ಹಾಕಲ್ಲ ಮೇಡಂ. ಕಾಲು ಹಿಡಿದ್ರೂ ಹಾಕಲ್ಲ."

"ಅವನ ಸಹಿ ಬೇಡ ಅಶ್ವಿನಿ. ನೀನು ದೊಡ್ಡವಳು. ನಿನ್ನ ಸಹಿ ಒಂದೇ ಸಾಕು. ಕಾನೂನೇ ಹಾಗಿದೆ."

ಅವಳು ತಿರುಗಿ ನನ್ನ ಮುಖ ನೋಡಿದಳು. "ನಂದೊಂದೇ?"

"ನಿಂದೊಂದೇ."

"ಇದನ್ನ ಯಾಕೆ ಯಾರೂ ಹೇಳ್ಲಿಲ್ಲ?"

ಎಲ್ಲ ಆಸ್ಪತ್ರೆಗಳಲ್ಲೂ ಗಂಡನನ್ನು ಕರೆಯಿರಿ ಎನ್ನುವುದು ಅಭ್ಯಾಸವಾಗಿಬಿಟ್ಟಿದೆ. ಅಭ್ಯಾಸವೇ ಕಾನೂನಿನ ಹಾಗೆ ಕೂತಿದೆ. ಹೊಸದಾಗಿ ಈ ಕೆಲಸಕ್ಕೆ ಬಂದವರು ಇದೊಂದನ್ನಾದರೂ ನೆನಪಿಡಿ, ಹೆಂಗಸಿಗೆ ತಿಳಿಸಿ.

ಅವಳು ಬಹಳ ಹೊತ್ತು ಅಲ್ಲೇ ಕೂತಿದ್ದಳು. ಒಂದು ಕೈ ಹೊಟ್ಟೆಯ ಮೇಲಿತ್ತು. ಅಳಲಿಲ್ಲ. ಆಮೇಲೆ, "ಮಗಳಿಗೆ ಎರಡೂವರೆ ವರ್ಷ" ಎಂದಳು. ಅಷ್ಟೇ. ಗೋಡೆ ಹಿಡಿದು ಎದ್ದಳು. ದೊಡ್ಡ ಮೇಡಂ ಕೋಣೆಯವರೆಗೆ ನಿಧಾನವಾಗಿ ನಡೆದುಕೊಂಡು ಹೋದೆವು.

ಹೃದಯದ ವಿಭಾಗ ಇರುವ ಇನ್ನೊಂದು ಆಸ್ಪತ್ರೆಯಲ್ಲಿ, ದೊಡ್ಡ ಮೇಡಂ ತಾವೇ ನಿಂತು ಏರ್ಪಾಡು ಮಾಡಿದರು. ಬ್ಯಾಡರಹಳ್ಳಿಯಿಂದ ಅವಳ ತಾಯಿ ಬಂದರು, ನಾನು ರಜೆ ಹಾಕಿ ಹೋದೆ. ಅಶ್ವಿನಿ ಕಾಗದಕ್ಕೆ ಸಹಿ ಹಾಕಿ, ಪೆನ್ನು ಮುಚ್ಚಿ ಕೊಟ್ಟು, ಗೋಡೆಯ ಕಡೆಗೆ ತಿರುಗಿ ಮಲಗಿದಳು.

ಮುಗಿದ ಮೇಲೆ ತಾಯಿ ಅಳಿಯನಿಗೆ ಫೋನ್ ಮಾಡಿದರು. ಸಂಜೆ ಶಿವಕುಮಾರ್ ಬಂದ. ವಾರ್ಡಿನ ಬಾಗಿಲವರೆಗೆ ಬಂದು ನಿಂತ. ಒಳಗೆ ಬರಲಿಲ್ಲ. ಹೆಂಡತಿ ಹೇಗಿದ್ದಾಳೆ ಎಂದು ಕೇಳುತ್ತಾನೆ ಎಂದುಕೊಂಡು ನಾನು ಎದ್ದು ಹೋದೆ. ಅವನು ಅಲ್ಲಿದ್ದ ನರ್ಸನ್ನು ಕೇಳುತ್ತಿದ್ದ: "ಸಿಸ್ಟರ್, ಏನಾಗಿತ್ತು ಅದು? ಗಂಡು ಮಗೂನಾ?"

"ಅದನ್ನ ಕೇಳೋ ಹಾಗಿಲ್ಲ ಸಾರ್" ಎಂದು ಆಕೆ ಒಳಗೆ ಹೋದಳು.

ಅವನ ಕಣ್ಣು ಕೆಂಪಾಗಿತ್ತು. ಅತ್ತಿದ್ದ. ಯಾರಿಗಾಗಿ ಅತ್ತಿದ್ದ ಎಂದು ನನಗೆ ಇವತ್ತಿಗೂ ತಿಳಿಯದು. ನನ್ನನ್ನು ನೋಡಿ, "ನೀವು ನಮ್ಮನೆ ಹಾಳು ಮಾಡಿದ್ರಿ ಮೇಡಂ" ಎಂದು ಹೇಳಿ ಹೊರಟುಹೋದ. ಬಾಗಿಲಿನಿಂದ ಅಶ್ವಿನಿಯ ಮಂಚಕ್ಕೆ ಹೆಚ್ಚು ದೂರವಿರಲಿಲ್ಲ. ಅವಳಿಗೆ ಎಲ್ಲ ಕೇಳಿಸಿತ್ತು.

ಅವಳನ್ನು ಕರೆದುಕೊಂಡು ಹೋಗಲು ಚಂದ್ರಾ ಲೇಔಟಿನಿಂದ ಯಾರೂ ಬರಲಿಲ್ಲ. ಮಗಳನ್ನು ಕರೆಸಿಕೊಂಡು ತಾಯಿಯ ಮನೆಗೆ ಹೋದಳು. ಕೆಲವು ತಿಂಗಳಲ್ಲಿ ವಕೀಲರ ಕಡೆಯಿಂದ ವಿಚ್ಛೇದನದ ಕಾಗದ ಬಂತು. ಮದುವೆಗೆ ಮೊದಲೇ ಹೃದಯದ ಕಾಯಿಲೆ ಇತ್ತು, ಮುಚ್ಚಿಟ್ಟು ಮದುವೆ ಮಾಡಿದರು ಎಂದು ಅದರಲ್ಲಿತ್ತು. ಶಾಲೆಯವರು ಅವಳನ್ನು ಮೈದಾನದಿಂದ ತೆಗೆದು ಆಫೀಸಿಗೆ ಹಾಕಿದರು. ಅದು ಅವರ ಮಟ್ಟಿಗೆ ದಯೆ. ಈ ಸಲ ಅವಳ ಹೃದಯ ಹಿಂದಿನಷ್ಟು ಏರಲಿಲ್ಲ, ನಡುವಿನಲ್ಲೇ ನಿಂತುಬಿಟ್ಟಿತು.

ಅವಳು ಮತ್ತೆ ನನ್ನ ಕೋಣೆಗೆ ಬಂದಳು. ಮತ್ತೆ ಅದೇ ನಿಧಾನದ ನಡಿಗೆ. ಆದರೆ ಹಿಂದಿನ ಹುರುಪು ಇರಲಿಲ್ಲ. ಒಂದು ದಿನ ಕಾರಿಡಾರಿನ ಮಧ್ಯೆ ನಿಂತಳು.

"ಇದ್ಯಾವುದಕ್ಕೆ ಮೇಡಂ? ಯಾರು ನೋಡ್ಬೇಕು ಅಂತ?"

"ನೀನು ಮಗಳನ್ನ ಎತ್ಕೋಬೇಕಲ್ಲ."

"ಎತ್ಕೊಂಡ್ರೆ ಸುಸ್ತಾಗುತ್ತೆ. ಅವಳೇ ಇಳಿದುಬಿಡ್ತಾಳೆ. ಅಮ್ಮಂಗೆ ಉಬ್ಸ ಅಂತಾಳೆ." ಕಾರಿಡಾರಿನ ತುದಿ ನೋಡುತ್ತ, "ನಾನು ಖೋ ಖೋದಲ್ಲಿ ಯಾರ ಕೈಗೂ ಸಿಗ್ತಿರ್ಲಿಲ್ಲ ಮೇಡಂ" ಎಂದಳು.

ಇಂಥ ಹೊತ್ತಿನಲ್ಲಿ ಸಮಾಧಾನದ ಮಾತು ಹೇಳಬೇಡಿ, ಅದು ಅವರಿಗೆ ಹೊರೆ. ಪಕ್ಕದಲ್ಲಿ ನಡೆಯಿರಿ, ಸಾಕು. ಅವಳು ಮತ್ತೆ ನಡೆಯತೊಡಗಿದಳು. ಆಮೇಲೆ ಬ್ಯಾಡರಹಳ್ಳಿಯ ಹತ್ತಿರವೇ ಒಬ್ಬರು ಫಿಸಿಯೋ ಸಿಕ್ಕಿ ಅಲ್ಲಿಗೆ ಹೋಗತೊಡಗಿದಳು. ಹಬ್ಬಕ್ಕೊಂದು ಮೆಸೇಜ್ ಕಳಿಸುತ್ತಾಳೆ, ಮಗಳ ಫೋಟೋ ಸಮೇತ. ತನ್ನ ಫೋಟೋ ಕಳಿಸುವುದಿಲ್ಲ.

ನಾನು ರಿಟೈರ್ ಆದ ವರ್ಷ ಒಂದು ದಿನ ಗೌರಮ್ಮ ನನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಬಹಳ ಇಳಿದುಹೋಗಿದ್ದರು. ಅವರ ಹಿಂದೆ, ಇಪ್ಪತ್ತೈದು ದಾಟದ ಹುಡುಗಿ. ತಲೆಗೆ ಸ್ಕಾರ್ಫ್, ಕಿವಿಗೆ ಹತ್ತಿ, ಹಸಿ ಬಾಣಂತಿ. ಶಿವಕುಮಾರನ ಎರಡನೇ ಹೆಂಡತಿ. ಗಂಡು ಮಗು ಹುಟ್ಟಿತ್ತು. ಆಸ್ಪತ್ರೆಯಲ್ಲಿ ಇನ್ನಿಬ್ಬರು ಫಿಸಿಯೋ ಇದ್ದರು. ಆದರೂ ಆಕೆ ನನ್ನ ಹತ್ತಿರವೇ ಕರೆತಂದಿದ್ದರು.

"ಇವಳನ್ನ ನೋಡ್ರಿ ಮೇಡಮ್ಮಾರೆ" ಎಂದರು. ನನ್ನ ಕಣ್ಣು ತಪ್ಪಿಸಿ ಮತ್ತೆ ಹೇಳಿದರು: "ಎಲ್ಲಾ ಸರಿಯಾಗಿ ನೋಡ್ರಿ." ಹೊರಗಿನ ಬೆಂಚಿನ ಮೇಲೆ ಹೋಗಿ ಕೂತರು.

ಹುಡುಗಿ ಮಂಚದ ಮೇಲೆ ಕೂತಳು. ನಾನು ಪಾದ ನೋಡಿದೆ, ನಾಡಿ ನೋಡಿದೆ, ಮಲಗಿದಾಗ ಉಸಿರು ಹೇಗಿದೆ ಎಂದು ವಿಚಾರಿಸಿದೆ. ಎಲ್ಲ ಸರಿಯಿತ್ತು. ಅವಳು ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದಳು.

"ಆಂಟಿ, ಒಂದು ಕೇಳ್ಲಾ? ನಮ್ಮನೇಲಿ ಮೊದಲು ಒಬ್ಬರಿದ್ರಲ್ಲ. ನಿಮ್ಮ ಹತ್ರಾನೇ ಬರ್ತಿದ್ರಂತೆ."

ರೋಗಿಯ ವಿಷಯ ಇನ್ನೊಬ್ಬರಿಗೆ ಹೇಳುವ ಹಾಗಿಲ್ಲ.

"ಮಗು ಆದ್ಮೇಲೆ ತೀರ್ಕೊಂಡ್ರು ಅಂತ ಮದುವೆಗೆ ಮುಂಚೆ ನಮಗೆ ಹೇಳಿದ್ರು. ನಂಗೆ ಈಗ ತುಂಬಾ ಭಯ ಆಗುತ್ತೆ ಆಂಟಿ. ಮಲಗಿದ್ರೆ ಅದೇ ನೆನಪು. ಅವರಿಗೆ ಏನಾಗಿತ್ತು?"

ಬಾಗಿಲು ಅರ್ಧ ತೆರೆದಿತ್ತು. ಹೊರಗೆ ಗೌರಮ್ಮನ ಸೀರೆಯ ಸೆರಗು ಕಾಣುತ್ತಿತ್ತು. ಆಕೆಗೂ ಕೇಳಿಸುತ್ತಿತ್ತು ಎಂದು ನನಗೆ ಗೊತ್ತಿತ್ತು. ಸೆರಗು ಅಲುಗಾಡಲಿಲ್ಲ.

"ಅವರು ಬದುಕಿದ್ದಾರಮ್ಮ" ಎಂದೆ.

ಹುಡುಗಿ ನನ್ನನ್ನು ನೋಡುತ್ತಲೇ ಇದ್ದಳು. ಇನ್ನೇನಾದರೂ ಹೇಳುತ್ತೇನೆ ಎಂದು ಕಾದಳು. ಅವಳ ಬೆನ್ನ ಹಿಂದೆ ಕೈ ಕೊಟ್ಟು ಮೆಲ್ಲಗೆ ಮಲಗಿಸಿದೆ. ಮಂಡಿ ಮಡಿಸಿಕೋ ಎಂದೆ. ಹೊಟ್ಟೆಯ ಮೇಲೆ ಕೈ ಇಟ್ಟು, ಅವಳ ಉಸಿರು ತಾನಾಗಿ ನಿಧಾನವಾಗುವವರೆಗೆ ಕಾದೆ.